ಎಣಿಸದೆ ಹೇಳುವ ಲೆಕ್ಕ: ಪಾರಿವಾಳದ ಗೂಡಿನ ತತ್ತ್ವ ನಡೆದು ಬಂದ ದಾರಿ

ತಲೆಯ ಮೇಲೆ ಸರಿಯಾಗಿ ಒಂದೇ ಸಂಖ್ಯೆಯ ಕೂದಲಿರುವ ಕನಿಷ್ಠ 25 ಜನ ಮುಂಬಯಿಯಲ್ಲಿದ್ದಾರೆ. ಇದು ಅಂದಾಜಲ್ಲ, ಒಂದು ಕೂದಲೂ ಆಚೀಚೆ ಆಗದ ಲೆಕ್ಕ. ಹಾಗೆಂದು ನಾನು ಯಾರ ಜಡೆಯನ್ನೂ ಬಿಚ್ಚಿ ಎಣಿಸಿಲ್ಲ. ಎಣಿಸುವ ಅಗತ್ಯವೂ ಇಲ್ಲ.

ಮನುಷ್ಯರ ತಲೆಯಲ್ಲಿ ಸಾಮಾನ್ಯವಾಗಿ ಒಂದು ಲಕ್ಷದ ಆಸುಪಾಸು ಕೂದಲಿರುತ್ತದೆ. ಎಷ್ಟೇ ದಟ್ಟ ಜಡೆಯವರಾದರೂ ಐದು ಲಕ್ಷ ದಾಟುವುದಿಲ್ಲ ಎಂದು ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಈಗ ಸೊನ್ನೆಯಿಂದ ಐದು ಲಕ್ಷದವರೆಗೆ ನಂಬರು ಬರೆದ ಕೋಣೆಗಳನ್ನು ಕಲ್ಪಿಸಿಕೊಳ್ಳಿ. ಪ್ರತಿಯೊಬ್ಬರೂ ತಮ್ಮ ಕೂದಲಿನ ಸಂಖ್ಯೆ ಬರೆದ ಕೋಣೆಗೆ ಹೋಗಿ ನಿಲ್ಲಬೇಕು. 2011ರ ಜನಗಣತಿಯಂತೆ ಬೃಹನ್ಮುಂಬಯಿಯ ಜನಸಂಖ್ಯೆ 1 ಕೋಟಿ 24 ಲಕ್ಷ. ಒಂದೊಂದು ಕೋಣೆಯಲ್ಲಿ ಹೆಚ್ಚೆಂದರೆ 24 ಜನ ನಿಂತರೂ 1 ಕೋಟಿ 20 ಲಕ್ಷ ಜನರಿಗಷ್ಟೇ ಜಾಗ ಸಿಗುತ್ತದೆ. ಮಿಕ್ಕ ನಾಲ್ಕು ಲಕ್ಷ ಜನ ಎಲ್ಲಿಗೆ ಹೋಗಬೇಕು? ಯಾವುದಾದರೂ ಕೋಣೆಯಲ್ಲಿ 25ನೆಯವರು ಕಾಲಿಡಲೇಬೇಕು. "ಪೂರ್ತಿ ಬೋಳು ತಲೆಯವರೆಲ್ಲ ಸೊನ್ನೆಯ ಕೋಣೆಯಲ್ಲೇ ಇದ್ದಾರಲ್ಲ, ಅದರಲ್ಲೇನು ವಿಶೇಷ?" ಎಂದು ಕೇಳುವವರಿಗೂ ಉತ್ತರವಿದೆ. ಅಂಥವರು 20 ಲಕ್ಷ ಎಂದೇ ಹಿಡಿದು ಪಕ್ಕಕ್ಕೆ ಕೂರಿಸಿದರೂ, ಉಳಿದವರಲ್ಲಿ ಒಂದೇ ಸಂಖ್ಯೆಯ ಕೂದಲಿನ 21 ಜನ ಇದ್ದೇ ಇರುತ್ತಾರೆ.

ಆ ಜನ ಯಾರು, ಅಂಧೇರಿಯವರೋ ಮುಲುಂಡಿನವರೋ ಎಂದು ಮಾತ್ರ ಈ ಲೆಕ್ಕ ಹೇಳುವುದಿಲ್ಲ. "ಇದ್ದಾರೆ" ಎನ್ನುತ್ತದೆ, "ಇವರೇ" ಎನ್ನುವುದಿಲ್ಲ. ಈ ಎರಡು ಮಾತುಗಳ ನಡುವಿನ ಅಂತರವೇ ಈ ಲೇಖನದ ವಿಷಯ. ಎಂ.ಟೆಕ್ ಓದುವಾಗ ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ತರಗತಿಯಲ್ಲಿ ಹತ್ತೇ ನಿಮಿಷದಲ್ಲಿ ಮುಗಿದುಹೋದ ಪಾಠ ಇದು. ಇದರ ಹಿಂದೆ ನಾಲ್ಕು ಶತಮಾನಗಳ ಕಥೆ ಇದೆ ಎಂದು, ಆ ಕಥೆಯ ಎರಡು ಮುಖ್ಯ ತಿರುವುಗಳಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದು ನನಗೆ ತಿಳಿದದ್ದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ.

ಪಾರಿವಾಳ ಎಲ್ಲಿಂದ ಬಂತು?

ಹತ್ತು ಪಾರಿವಾಳಗಳು ಒಂಬತ್ತು ಗೂಡುಗಳಲ್ಲಿ ಕೂತರೆ ಒಂದು ಗೂಡಿನಲ್ಲಾದರೂ ಎರಡು ಇರಲೇಬೇಕು. ತತ್ತ್ವ ಇಷ್ಟೇ. ಇದನ್ನು ಅಚ್ಚಿನಲ್ಲಿ ಬರೆದಿಟ್ಟವರಲ್ಲಿ ನಮಗೆ ತಿಳಿದಿರುವ ಮೊದಲಿಗರು ಝಾನ್ ಲೂರೆಶೋನ್ ಎಂಬ ಫ್ರೆಂಚ್ ಜೆಸ್ಯೂಟ್ ಪಾದ್ರಿ. 1622ರಲ್ಲಿ ಅವರು ಕೊಟ್ಟ ಉದಾಹರಣೆಯೂ ಕೂದಲಿನದೇ: ಒಂದೇ ಸಂಖ್ಯೆಯ ಕೂದಲೋ ನಾಣ್ಯವೋ ಇರುವ ಇಬ್ಬರು ಮನುಷ್ಯರು ಇರಲೇಬೇಕು ಎಂದು. ಎರಡು ವರ್ಷದ ನಂತರ ಬಂದ ಗಣಿತ ವಿನೋದದ ಪುಸ್ತಕವೊಂದರಲ್ಲಿ ಇದೇ ವಾದ ಇನ್ನಷ್ಟು ಉದಾಹರಣೆಗಳೊಂದಿಗೆ ಬಂತು. ಅದನ್ನು ಬರೆದವರು ಲೂರೆಶೋನ್ ಅವರೋ ಅವರ ಶಿಷ್ಯರೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಪಾರಿವಾಳ ಸೇರಿಕೊಂಡದ್ದು ಆಮೇಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಗಣಿತಜ್ಞ ಡಿರಿಶ್ಲೆ ಇದನ್ನು ಗಂಭೀರ ಗಣಿತದ ಸಾಧನವಾಗಿ ಬಳಸಿದರು. ಅವರ ಹೆಸರಿನೊಂದಿಗೆ ಅಂಟಿಕೊಂಡ ಜರ್ಮನ್ ಪದದ ಅರ್ಥ ಮೇಜಿನ ಡ್ರಾಯರ್ ಎಂದು. ಇಂಗ್ಲಿಷಿನಲ್ಲಿ ಅದು ಕಾಗದ ಪತ್ರಗಳನ್ನು ವಿಂಗಡಿಸಿಡುವ ಖಾನೆಗಳ ಹೆಸರಾಯಿತು. ಆ ಖಾನೆಗಳಿಗೆ ಇಂಗ್ಲಿಷಿನವರು ಪಾರಿವಾಳದ ಗೂಡು ಎನ್ನುತ್ತಿದ್ದರು. ನಾವು ಅದನ್ನು ಹಾಗೆಯೇ ಕನ್ನಡಕ್ಕೆ ತಂದೆವು. ನನ್ನನ್ನು ಕೇಳಿದರೆ ದೇವಸ್ಥಾನದ ಮುಂದಿನ ಚಪ್ಪಲಿ ಸ್ಟ್ಯಾಂಡೇ ಒಳ್ಳೆಯ ಹೋಲಿಕೆ. ನೂರು ಖಾನೆ, ನೂರು ಟೋಕನ್. ನೂರೊಂದನೆಯ ಜೋಡಿ ಬಂತೆಂದರೆ ಯಾರದ್ದೋ ಚಪ್ಪಲಿಯ ಮೇಲೆ ಇನ್ಯಾರದ್ದೋ ಚಪ್ಪಲಿ ಕೂರುತ್ತದೆ.

ಎಣಿಕೆಯ ಗಣಿತ ನಮ್ಮಲ್ಲಿ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟಿದ್ದರು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರುಚಿಗಳನ್ನು ಬೆರೆಸುವ ಬಗೆಗಳ ಲೆಕ್ಕ ಅವರಲ್ಲಿದೆ. ಒಂಟಿ ರುಚಿಗಳೂ ಸೇರಿ ಒಟ್ಟು 63. ಅದು "ಎಷ್ಟು?" ಎಂಬ ಪ್ರಶ್ನೆಗೆ ಉತ್ತರ. ಪಾರಿವಾಳದ ಗೂಡಿನ ತತ್ತ್ವ ಆ ಉತ್ತರವನ್ನು ಕೈಯಲ್ಲಿ ಹಿಡಿದು ಮುಂದಿನ ಪ್ರಶ್ನೆ ಕೇಳುತ್ತದೆ: ಜಾಗ ಇಷ್ಟೇ ಇದ್ದು ಬರುವವರು ಅದಕ್ಕಿಂತ ಹೆಚ್ಚಾದರೆ ಏನು ನಡೆಯಲೇಬೇಕು?

22/7ರ ಗುಟ್ಟು

1842ರಲ್ಲಿ ಡಿರಿಶ್ಲೆ ಇದನ್ನು ಹೇಗೆ ಬಳಸಿದರು ಎಂಬುದಕ್ಕೆ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಸಂಖ್ಯೆಯನ್ನೇ ತೆಗೆದುಕೊಳ್ಳೋಣ. ಪೈ ಎಂದರೆ ಸುಮಾರು 3.1416. ಅದನ್ನು 0, 1, 2 ಹೀಗೆ 8ರವರೆಗೆ ಗುಣಿಸಿ. ಒಟ್ಟು ಒಂಬತ್ತು ಸಂಖ್ಯೆಗಳಾದವು. ಪ್ರತಿಯೊಂದರಲ್ಲೂ ದಶಮಾಂಶ ಬಿಂದುವಿನ ನಂತರದ ಭಾಗವನ್ನಷ್ಟೇ ಇಟ್ಟುಕೊಳ್ಳಿ. ಸೊನ್ನೆಯಿಂದ ಒಂದರವರೆಗಿನ ಉದ್ದವನ್ನು ಎಂಟು ಸಮಾನ ಖಾನೆಗಳಾಗಿ ಮಾಡಿ. ಒಂದೊಂದರ ಅಗಲ 0.125. ಎಂಟು ಖಾನೆ, ಒಂಬತ್ತು ಸಂಖ್ಯೆ. ಎರಡು ಸಂಖ್ಯೆಗಳು ಒಂದೇ ಖಾನೆಗೆ ಬೀಳಲೇಬೇಕು.

ಲೆಕ್ಕ ಹಾಕಿ ನೋಡಿದರೆ ಒಂದರಷ್ಟು ಪೈ (3.1416) ಮತ್ತು ಎಂಟರಷ್ಟು ಪೈ (25.1327) ಎರಡನೆಯ ಖಾನೆಯಲ್ಲಿ ಜೊತೆಯಾಗುತ್ತವೆ. ಎಂಟರಲ್ಲಿ ಒಂದು ಕಳೆದರೆ ಏಳು, 25ರಲ್ಲಿ 3 ಕಳೆದರೆ 22. ಅಂದರೆ ಏಳರಷ್ಟು ಪೈ 22ಕ್ಕೆ ತೀರ ಹತ್ತಿರ. ಪೈ ಸುಮಾರು 22/7! ಎಂಟರ ಬದಲು ಇನ್ನೂ ಹೆಚ್ಚು ಖಾನೆ ಮಾಡಿದಂತೆ ಇನ್ನೂ ನಿಖರವಾದ ಭಿನ್ನರಾಶಿಗಳು ಸಿಗುತ್ತವೆ. ಪೈ ಅಷ್ಟೇ ಅಲ್ಲ, ಇಂಥ ಯಾವ ಸಂಖ್ಯೆಗಾದರೂ ಒಳ್ಳೆಯ ಭಿನ್ನರಾಶಿ ಸಿಕ್ಕೇ ಸಿಗುತ್ತದೆ ಎಂದು ಡಿರಿಶ್ಲೆ ಸಾಬೀತು ಮಾಡಿದರು. ಮಕ್ಕಳ ಆಟದಂಥ ಮಾತು ಇಲ್ಲಿ ದೊಡ್ಡ ಪ್ರಮೇಯವಾಯಿತು.

ತತ್ತ್ವ ಸುಲಭ. ಕಷ್ಟವಿರುವುದು ಗೂಡು ಯಾವುದು, ಪಾರಿವಾಳ ಯಾವುದು ಎಂದು ಗುರುತಿಸುವುದರಲ್ಲಿ. ನಮ್ಮ ಸಂಘಗಳಲ್ಲಿ ನಡೆಯುವ ಅರಿಸಿನ ಕುಂಕುಮವನ್ನೇ ನೋಡಿ. ಐವತ್ತು ಜನ ಸೇರಿದ್ದಾರೆ. "ಇಲ್ಲಿರುವವರಲ್ಲಿ ನಿಮಗೆ ಎಷ್ಟು ಜನರ ಪರಿಚಯ?" ಎಂದು ಪ್ರತಿಯೊಬ್ಬರನ್ನೂ ಕೇಳಿದರೆ ಕನಿಷ್ಠ ಇಬ್ಬರ ಉತ್ತರ ಒಂದೇ ಆಗಿರಲೇಬೇಕು. ಪರಿಚಯ ಎಂದರೆ ಇಬ್ಬರಿಗೂ ಪರಸ್ಪರ ಇರುವಂಥದ್ದು. ಉತ್ತರ 0 ಇರಬಹುದು, 49 ಇರಬಹುದು, ನಡುವಿನದು ಯಾವುದೂ ಇರಬಹುದು. ಹಾಗಾದರೆ ಗೂಡುಗಳೂ 50, ಜನರೂ 50. ತತ್ತ್ವ ಇಲ್ಲಿ ಕೈಕೊಟ್ಟಿತೆ? ಇಲ್ಲ. ಒಬ್ಬರಿಗೆ ಉಳಿದ 49 ಜನರೂ ಪರಿಚಯವಿದ್ದರೆ, ಯಾರ ಪರಿಚಯವೂ ಇಲ್ಲದೆ ಮೂಲೆಯಲ್ಲಿ ಕೂತವರು ಅಲ್ಲಿ ಇರಲು ಸಾಧ್ಯವಿಲ್ಲ. 0 ಮತ್ತು 49 ಎರಡೂ ಒಟ್ಟಿಗೆ ಬರಲಾರವು. ಒಂದು ಗೂಡು ಖಾಲಿಯೇ ಉಳಿಯುತ್ತದೆ. ಉಳಿದದ್ದು 49 ಗೂಡು, 50 ಜನ.

ಬುಡಾಪೆಸ್ಟಿನ ಐದು ಚುಕ್ಕಿ

ಇಲ್ಲಿಂದ ಕಥೆ 1933ರ ಬುಡಾಪೆಸ್ಟಿಗೆ ಹೋಗುತ್ತದೆ. ಹಂಗೇರಿಯಲ್ಲಿ 1920ರಲ್ಲೇ ಬಂದ ಕಾನೂನಿನಿಂದಾಗಿ ಯಹೂದಿ ಯುವಕ ಯುವತಿಯರಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುವುದೇ ದುರ್ಲಭವಾಗಿತ್ತು. ಅಂಥ ದಿನಗಳಲ್ಲಿ ಗಣಿತದ ಹುಚ್ಚಿನ ಕೆಲವು ಗೆಳೆಯ ಗೆಳತಿಯರು ಊರಿನ ಉದ್ಯಾನದಲ್ಲಿ ಸೇರುತ್ತಿದ್ದರು. ಹೆಸರು ತಿಳಿಯದ ಹಳೆಯ ಚರಿತ್ರೆಕಾರನೊಬ್ಬನ ಪ್ರತಿಮೆ ಅವರು ಸೇರುವ ಜಾಗ. ಅವರಲ್ಲಿ ಪಾಲ್ ಎರ್ಡಾಶ್ ಇದ್ದರು, ಕೆಮಿಕಲ್ ಎಂಜಿನಿಯರಿಂಗ್ ಓದಿದ ಜಾರ್ಜ್ ಸೆಕೆರೆಶ್ ಇದ್ದರು, ಭೌತಶಾಸ್ತ್ರದ ವಿದ್ಯಾರ್ಥಿನಿ ಎಸ್ತರ್ ಕ್ಲೈನ್ ಇದ್ದರು.

ಒಮ್ಮೆ ಎಸ್ತರ್ ಒಂದು ವಿಷಯ ಮುಂದಿಟ್ಟರು. ಹಾಳೆಯ ಮೇಲೆ ಎಲ್ಲೆಂದರಲ್ಲಿ ಐದು ಚುಕ್ಕಿ ಇಡಿ. ನಮ್ಮ ರಂಗೋಲಿಯಂತೆ ಸಾಲಿನಲ್ಲಿ ಬೇಡ. ಯಾವ ಮೂರೂ ಒಂದೇ ಗೆರೆಯಲ್ಲಿ ಇರಬಾರದು. ಆ ಐದರಲ್ಲಿ ನಾಲ್ಕನ್ನು ಸೇರಿಸಿ ಒಳಕ್ಕೆ ಚುಚ್ಚಿಕೊಳ್ಳದ ಚತುರ್ಭುಜವೊಂದನ್ನು ಯಾವಾಗಲೂ ಎಳೆಯಬಹುದು. ಗಣಿತದಲ್ಲಿ ಇದಕ್ಕೆ ಪೀನ ಚತುರ್ಭುಜ ಎನ್ನುತ್ತಾರೆ.

ಸಾಧನೆಯೂ ಅವರದೇ. ಐದು ಚುಕ್ಕಿಗಳ ಸುತ್ತ ಒಂದು ರಬ್ಬರ್ ಬ್ಯಾಂಡ್ ಹಾಕಿದ್ದೇವೆ ಎಂದುಕೊಳ್ಳಿ. ಬ್ಯಾಂಡ್ ನಾಲ್ಕು ಅಥವಾ ಐದು ಚುಕ್ಕಿಗಳನ್ನು ಮುಟ್ಟಿ ನಿಂತರೆ ಕೆಲಸ ಅಲ್ಲೇ ಮುಗಿಯಿತು. ಮೂರನ್ನೇ ಮುಟ್ಟಿ ತ್ರಿಕೋನವಾದರೆ ಉಳಿದ ಎರಡು ಚುಕ್ಕಿ ಒಳಗಿರುತ್ತವೆ. ಆ ಎರಡರ ಮೂಲಕ ಉದ್ದನೆಯ ಗೆರೆ ಎಳೆಯಿರಿ. ತ್ರಿಕೋನದ ಮೂಲೆಗಳು ಮೂರು, ಗೆರೆಯ ಪಕ್ಕಗಳು ಎರಡು. ಮೂರು ಪಾರಿವಾಳ, ಎರಡು ಗೂಡು! ಎರಡು ಮೂಲೆಗಳು ಗೆರೆಯ ಒಂದೇ ಪಕ್ಕದಲ್ಲಿ ಇರಲೇಬೇಕು. ಆ ಎರಡು ಮೂಲೆ ಮತ್ತು ಒಳಗಿನ ಎರಡು ಚುಕ್ಕಿ ಸೇರಿದರೆ ಬೇಕಾದ ಚತುರ್ಭುಜ ಸಿದ್ಧ.

ಎಸ್ತರ್ ಅಲ್ಲಿಗೆ ನಿಲ್ಲಲಿಲ್ಲ. ನಾಲ್ಕು ಮೂಲೆಗೆ ಐದು ಚುಕ್ಕಿ ಸಾಕಾದರೆ ಐದು ಮೂಲೆಗೆ, ಆರಕ್ಕೆ, ಎಷ್ಟು ಮೂಲೆ ಕೇಳಿದರೂ ಅದಕ್ಕೆ ಸಾಕಾಗುವಷ್ಟು ಚುಕ್ಕಿಗಳ ಸಂಖ್ಯೆ ಒಂದಿದೆಯೇ ಎಂದು ಕೇಳಿದರು. ಇದೆ ಎಂದು ಎರ್ಡಾಶ್ ಮತ್ತು ಸೆಕೆರೆಶ್ 1935ರ ಲೇಖನದಲ್ಲಿ ಸಾಬೀತು ಮಾಡಿದರು. ಪ್ರಶ್ನೆ ಕುಮಾರಿ ಎಸ್ತರ್ ಕ್ಲೈನ್ ಅವರದು ಎಂದು ಆರಂಭದಲ್ಲೇ ಬರೆದರು ಕೂಡ.

ಆ ಲೇಖನದಲ್ಲಿನ ಇನ್ನೊಂದು ಫಲಿತಾಂಶವನ್ನು ಸಂಘದ ಗ್ರೂಪ್ ಫೋಟೋದಲ್ಲಿ ಪರೀಕ್ಷಿಸಬಹುದು. ಬೇರೆ ಬೇರೆ ಎತ್ತರದ ಹತ್ತು ಮಂದಿ ಹೇಗೆ ಬೇಕಾದರೂ ಸಾಲಾಗಿ ನಿಲ್ಲಲಿ. ಎಡದಿಂದ ಬಲಕ್ಕೆ ನೋಡಿದಾಗ ಏರುತ್ತಾ ಹೋಗುವ ಅಥವಾ ಇಳಿಯುತ್ತಾ ಹೋಗುವ ನಾಲ್ವರು ಆ ಸಾಲಿನಲ್ಲಿ ಇದ್ದೇ ಇರುತ್ತಾರೆ. ಅಕ್ಕಪಕ್ಕದಲ್ಲೇ ಇರಬೇಕೆಂದಿಲ್ಲ, ನಡುವೆ ಬೇರೆಯವರಿರಬಹುದು. 1959ರಲ್ಲಿ ಅಬ್ರಹಾಂ ಸೈಡನ್‌ಬರ್ಗ್ ಇದಕ್ಕೊಂದು ಪುಟ್ಟ ಸಾಧನೆ ಕೊಟ್ಟರು. ಪ್ರತಿಯೊಬ್ಬರ ಕೈಗೂ ಎರಡು ಸಂಖ್ಯೆಯ ಚೀಟಿ ಕೊಡಿ. ಮೊದಲನೆಯದು ಅವರಲ್ಲಿಗೆ ಬಂದು ನಿಲ್ಲುವ ಅತಿ ಉದ್ದದ ಏರು ಸಾಲಿನ ಉದ್ದ, ಎರಡನೆಯದು ಅತಿ ಉದ್ದದ ಇಳಿ ಸಾಲಿನ ಉದ್ದ. ನಾಲ್ವರ ಸಾಲು ಎಲ್ಲೂ ಇಲ್ಲವಾದರೆ ಎರಡೂ ಸಂಖ್ಯೆಗಳು 1, 2, 3ರೊಳಗೇ ಇರಬೇಕು. ಅಂಥ ಚೀಟಿಗಳು ಒಂಬತ್ತೇ ಬಗೆ. ಹತ್ತು ಜನರಿರುವುದರಿಂದ ಇಬ್ಬರ ಚೀಟಿ ಒಂದೇ ಆಗಬೇಕು. ಆದರೆ ಆ ಇಬ್ಬರಲ್ಲಿ ಬಲಗಡೆಯವರು ಎತ್ತರವಾಗಿದ್ದರೆ ಅವರ ಮೊದಲ ಸಂಖ್ಯೆ ಹೆಚ್ಚಾಗುತ್ತದೆ, ಗಿಡ್ಡವಾಗಿದ್ದರೆ ಎರಡನೆಯದು ಹೆಚ್ಚಾಗುತ್ತದೆ. ಚೀಟಿ ಒಂದೇ ಆಗಲು ಸಾಧ್ಯವೇ ಇಲ್ಲ. ಹಾಗಾಗಿ ನಾಲ್ವರ ಸಾಲು ಇರಲೇಬೇಕು.

1937ರಲ್ಲಿ ಎಸ್ತರ್ ಮತ್ತು ಜಾರ್ಜ್ ಮದುವೆಯಾದರು. ಅದಕ್ಕೇ ಎರ್ಡಾಶ್ ಆ ಪ್ರಶ್ನೆಯನ್ನು "ಸುಖಾಂತ ಸಮಸ್ಯೆ" ಎಂದು ಕರೆದರು. ಯುರೋಪು ಕತ್ತಲಾಗುತ್ತಿದ್ದಂತೆ ದಂಪತಿ ಶಾಂಘೈಗೆ ಹೋದರು, ಯುದ್ಧದ ದಿನಗಳನ್ನು ಅಲ್ಲಿ ಕಳೆದು 1948ರಲ್ಲಿ ಆಸ್ಟ್ರೇಲಿಯಾ ಸೇರಿದರು. ಎಸ್ತರ್ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದಲ್ಲಿ ಬಹಳ ಕಾಲ ಪಾಠ ಹೇಳಿದರು. 2005ರ ಆಗಸ್ಟ್ 28ರಂದು ಅಡಿಲೇಡಿನಲ್ಲಿ ಗಂಡ ಹೆಂಡತಿ ಒಂದು ಗಂಟೆಯ ಅಂತರದೊಳಗೆ ತೀರಿಕೊಂಡರು.

ಕಥೆ ಚೆನ್ನಾಗಿದೆ. ಆದರೂ ನನಗೊಂದು ಕೊರಗು ಉಳಿದಿದೆ. ಪ್ರಮೇಯಕ್ಕೆ ಇಬ್ಬರು ಗಂಡಸರ ಹೆಸರು, ಸಮಸ್ಯೆಗೆ ಮದುವೆಯ ಹೆಸರು. ಪ್ರಶ್ನೆ ಕೇಳಿದವರ ಹೆಸರು ಎರಡರಲ್ಲೂ ಇಲ್ಲ. ನಾನು ಓದಿದ ಪಠ್ಯಪುಸ್ತಕದಲ್ಲಿ ಎಸ್ತರ್ ಕ್ಲೈನ್ ಎಂಬ ಹೆಸರೇ ಇರಲಿಲ್ಲ. ಒಳ್ಳೆಯ ಪ್ರಶ್ನೆ ಕೇಳುವುದೂ ಗಣಿತದ ಕೆಲಸವೇ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕಾದಾಗ ನಾನು ಈ ಐದು ಚುಕ್ಕಿಗಳನ್ನು ಇಟ್ಟು ತೋರಿಸುತ್ತೇನೆ.

"ಇದೆ" ಎನ್ನುವುದು, ಹುಡುಕಿ ತೋರಿಸುವುದು

ಇನ್ನು ನನ್ನ ಕೆಲಸದ ಲೋಕಕ್ಕೆ ಬರುತ್ತೇನೆ. ಕಂಪ್ಯೂಟರಿನಲ್ಲಿ ಪ್ರತಿ ಫೈಲಿಗೂ ಒಂದು ಬೆರಳಚ್ಚು ತೆಗೆಯುವ ಪದ್ಧತಿ ಇದೆ. ಇದಕ್ಕೆ ಹ್ಯಾಶ್ ಎನ್ನುತ್ತೇವೆ. ಫೈಲು ಒಂದು ಸಾಲಿನದಿರಲಿ, ಇಡೀ ಸಿನಿಮಾ ಇರಲಿ, ಬೆರಳಚ್ಚಿನ ಉದ್ದ ಒಂದೇ. ಡಿಜಿಟಲ್ ಸಹಿ ಬೀಳುವುದು ಫೈಲಿನ ಮೇಲಲ್ಲ, ಈ ಬೆರಳಚ್ಚಿನ ಮೇಲೆ. ಎರಡು ಫೈಲುಗಳ ಬೆರಳಚ್ಚು ಒಂದೇ ಆಗಿಬಿಟ್ಟರೆ ಒಂದಕ್ಕೆ ಹಾಕಿದ ಸಹಿ ಇನ್ನೊಂದಕ್ಕೂ ನಡೆಯುತ್ತದೆ.

1991ರಲ್ಲಿ ಅಮೆರಿಕದ ರೊನಾಲ್ಡ್ ರಿವೆಸ್ಟ್ ರೂಪಿಸಿದ ಎಂಡಿ-5 ಎಂಬ ಪದ್ಧತಿಯಲ್ಲಿ ಬೆರಳಚ್ಚಿನ ಉದ್ದ 128 ಬಿಟ್. ಸಾಧ್ಯವಿರುವ ಬೆರಳಚ್ಚುಗಳ ಸಂಖ್ಯೆ 39 ಅಂಕಿಗಳಷ್ಟು ದೊಡ್ಡದು. ಆದರೂ ಅದು ಲೆಕ್ಕಕ್ಕೆ ಸಿಗುವ ಸಂಖ್ಯೆ. ಬರೀ 17 ಬೈಟ್ ಉದ್ದದ, ಅಂದರೆ 17 ಇಂಗ್ಲಿಷ್ ಅಕ್ಷರಗಳಷ್ಟು ಪುಟ್ಟ ಫೈಲುಗಳನ್ನೇ ತೆಗೆದುಕೊಂಡರೂ ಅವು 136 ಬಿಟ್ ಆಗುತ್ತವೆ. ಗೂಡುಗಳಿಗಿಂತ 256 ಪಟ್ಟು ಹೆಚ್ಚು ಪಾರಿವಾಳಗಳು. ಆದ್ದರಿಂದ ಯಾವುದೋ ಒಂದು ಬೆರಳಚ್ಚನ್ನು ಹಂಚಿಕೊಂಡಿರುವ 256 ಫೈಲುಗಳಾದರೂ ಖಂಡಿತ ಇವೆ. ಇದು ಎಲ್ಲರಿಗೂ ಮೊದಲ ದಿನದಿಂದ ಗೊತ್ತಿತ್ತು. ಭರವಸೆ ಇದ್ದದ್ದು ಒಂದೇ: ಅವು ಯಾವುವು ಎಂದು ಯಾರೂ ಹುಡುಕಲಾರರು.

2004ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ನಡೆದ ಗೂಢಲಿಪಿ ಸಮ್ಮೇಳನದಲ್ಲಿ ಚೀನಾದ ಶಾನ್‌ಡಾಂಗ್ ವಿಶ್ವವಿದ್ಯಾಲಯದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಎದ್ದು ನಿಂತು ಅಂಥ ಜೋಡಿಯನ್ನು ತೋರಿಸಿದರು. ಅವರು ಮತ್ತು ಅವರ ಸಂಗಡಿಗರು ಅದನ್ನು ಕುರುಡಾಗಿ ಹುಡುಕಿರಲಿಲ್ಲ. ಎಂಡಿ-5ರ ಒಳಗೆ ಒಂದು ಬಿಟ್ ಬದಲಾದರೆ ಮುಂದಿನ ಹಂತಗಳಲ್ಲಿ ಏನಾಗುತ್ತದೆ ಎಂದು ಹೆಜ್ಜೆ ಹೆಜ್ಜೆಗೂ ಬೆನ್ನುಹತ್ತಿ ಜಾಡು ಹಿಡಿದಿದ್ದರು. ದೊಡ್ಡ ಕಂಪ್ಯೂಟರೊಂದರಲ್ಲಿ ಜೋಡಿಯ ಮುಖ್ಯ ಭಾಗ ಸಿಗಲು ಸುಮಾರು ಒಂದು ಗಂಟೆ ಸಾಕಾಯಿತು. ಮರುವರ್ಷ ಅವರ ತಂಡ ಶಾ-1 ಎಂಬ ಇನ್ನೊಂದು ಪದ್ಧತಿಯಲ್ಲೂ ಬಿರುಕು ತೋರಿಸಿತು.

ಇದು ಬರೀ ವಿದ್ವಾಂಸರ ವಾದವಾಗಿ ಉಳಿಯಲಿಲ್ಲ. 2008ರ ಡಿಸೆಂಬರಿನಲ್ಲಿ ಸಂಶೋಧಕರ ತಂಡವೊಂದು 200ಕ್ಕೂ ಹೆಚ್ಚು ಪ್ಲೇಸ್ಟೇಷನ್ ಆಟದ ಯಂತ್ರಗಳನ್ನು ಜೋಡಿಸಿ, ಬ್ರೌಸರುಗಳೆಲ್ಲ ನಂಬುವಂಥ ನಕಲಿ ಪ್ರಮಾಣಪತ್ರವನ್ನು ಸೃಷ್ಟಿಸಿ ತೋರಿಸಿತು. ಅದು ದುಷ್ಟರ ಕೈಯಲ್ಲಿದ್ದಿದ್ದರೆ ನಕಲಿ ಬ್ಯಾಂಕ್ ವೆಬ್‌ಸೈಟೂ ಬೀಗದ ಗುರುತು ಹೊತ್ತು ಅಸಲಿಯಂತೆಯೇ ತೆರೆದುಕೊಳ್ಳುತ್ತಿತ್ತು. 2012ರಲ್ಲಿ ಪತ್ತೆಯಾದ ಫ್ಲೇಮ್ ಎಂಬ ಕುತಂತ್ರಾಂಶ ಎಂಡಿ-5ರ ಇದೇ ದೌರ್ಬಲ್ಯವನ್ನು ಬಳಸಿ ಮೈಕ್ರೋಸಾಫ್ಟಿನ ಸಹಿಯನ್ನೇ ನಕಲು ಮಾಡಿತ್ತು. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಶೋಧನಾ ಕೇಂದ್ರ ಮತ್ತು ಗೂಗಲ್ ಸೇರಿ, ಒಂದೇ ಶಾ-1 ಬೆರಳಚ್ಚು ಇರುವ ಎರಡು ಬೇರೆ ಬೇರೆ ಪಿಡಿಎಫ್ ಫೈಲುಗಳನ್ನು ಪ್ರಕಟಿಸಿದವು.

ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಪ್ರಾಜೆಕ್ಟಿನಲ್ಲಿ ಹಳೆಯ ದಾಖಲೆಗಳನ್ನು ಇಡುವ ವ್ಯವಸ್ಥೆ ಇತ್ತು. ಎರಡು ಫೈಲುಗಳ ಎಂಡಿ-5 ಒಂದೇ ಎಂದು ಕಂಡರೆ ಒಂದನ್ನು ಅದು ನಕಲು ಪ್ರತಿ ಎಂದು ಅಳಿಸಿಬಿಡುತ್ತಿತ್ತು. ಬದಲಿಸೋಣ ಎಂದಾಗ ಬಂದ ಉತ್ತರ: "ಇಷ್ಟು ವರ್ಷ ಏನೂ ಆಗಿಲ್ಲವಲ್ಲ, ಮೇಡಂ." ಪಾರಿವಾಳ, ಗೂಡು ಎಲ್ಲ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಯಾರೂ ಅಲ್ಲಗಳೆಯಲಿಲ್ಲ, ಯಾರೂ ಕದಲಲೂ ಇಲ್ಲ. ಮುಂದಿನ ಮೀಟಿಂಗಿನಲ್ಲಿ ಎಲ್ಲರಿಗೂ ಸಿಗುವಂಥ ಮಾದರಿ ಜೋಡಿಯೊಂದನ್ನು ತಂದು, ಎರಡು ಬೇರೆ ಫೈಲು ತೆರೆದು, ಎರಡರ ಬೆರಳಚ್ಚನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟೆ. ಆ ವಾರವೇ ಬದಲಾವಣೆಗೆ ಒಪ್ಪಿಗೆ ಸಿಕ್ಕಿತು.

ಇಂದು ನಾವು ನೆಟ್ ಬ್ಯಾಂಕಿಂಗ್ ತೆರೆದಾಗ ಹಿಂದೆ ನಿಂತು ಕಾಯುವುದು ಹೆಚ್ಚಾಗಿ ಶಾ-256 ಎಂಬ ಪದ್ಧತಿ. ಅದರ ಗೂಡುಗಳ ಸಂಖ್ಯೆ 78 ಅಂಕಿಗಳಷ್ಟು ದೊಡ್ಡದು. ಅಲ್ಲೂ ಒಂದೇ ಗೂಡಿನಲ್ಲಿ ಕೂತ ಜೋಡಿಗಳು ಖಂಡಿತ ಇವೆ. ಲೂರೆಶೋನ್ ಪಾದ್ರಿಗಳ ವಾದ ಅಲ್ಲಿಗೂ ಸಲ್ಲುತ್ತದೆ. ಒಂದೂ ಇದುವರೆಗೆ ಸಿಕ್ಕಿಲ್ಲ, ನಮ್ಮ ನೆಮ್ಮದಿ ನಿಂತಿರುವುದು ಅದರ ಮೇಲೆ.

ಎಸ್ತರ್ ಕೇಳಿದ ಪ್ರಶ್ನೆಯೂ ಇನ್ನೂ ಮುಗಿದಿಲ್ಲ. ಐದು ಮೂಲೆಗೆ 9 ಚುಕ್ಕಿ ಬೇಕು. ಆರಕ್ಕೆ 17 ಬೇಕು ಎಂದು ಜಾರ್ಜ್ ಸೆಕೆರೆಶ್ ಮತ್ತು ಲಿಂಡ್ಸೆ ಪೀಟರ್ಸ್ ಕಂಪ್ಯೂಟರ್ ಸಹಾಯದಿಂದ ಸಾಧಿಸಿದ್ದು 2006ರಲ್ಲಿ ಪ್ರಕಟವಾಯಿತು. ಆಗ ಜಾರ್ಜ್ ಬದುಕಿರಲಿಲ್ಲ. ಏಳು ಮೂಲೆಗೆ 33 ಚುಕ್ಕಿ ಸಾಕು ಎಂದು ಎಲ್ಲರೂ ನಂಬಿದ್ದಾರೆ, ಯಾರೂ ಸಾಬೀತು ಮಾಡಿಲ್ಲ. ರಜೆಯಲ್ಲಿ ಮನೆಯ ಮಕ್ಕಳಿಗೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಐದು ಚುಕ್ಕಿಯಿಂದ ಶುರು ಮಾಡಿಸಿ ನೋಡಿ.